ಹಳೇ ಲ್ಯಾಪ್‌ಟಾಪ್‌ಗೆ ಲಿನಕ್ಸ್ ಹಾಕಿದ ಮೂರು ವಾರ

ಮೊನ್ನೆ ಭಾನುವಾರ ರಾತ್ರಿ ಕೊನೆಗೂ ವೈಫೈ ಹತ್ತಿಕೊಂಡಿತು. ಅಲ್ಲಿಗೆ ನನ್ನ ಲ್ಯಾಪ್‌ಟಾಪ್‌ನಲ್ಲಿ ಲಿನಕ್ಸ್, ಅಂದರೆ ವಿಂಡೋಸ್ ಥರದ್ದೇ ಇನ್ನೊಂದು ಆಪರೇಟಿಂಗ್ ಸಿಸ್ಟಮ್, ನೆಟ್ಟಗೆ ಕೂತಿತು ಅಂತ ಲೆಕ್ಕ. ಇನ್‌ಸ್ಟಾಲ್‌ಗೆ ಹಿಡಿದದ್ದು ಬರೀ 20 ನಿಮಿಷ. ಅದರ ಹಿಂದೆ ಮುಂದೆ ಹೋದದ್ದು ಮೂರು ವಾರ. ಅರ್ಧ ಗಂಟೆಯಲ್ಲಿ ಆಗಿಬಿಡುತ್ತೆ ಅನ್ನುವವರು ಸುಳ್ಳೇನೂ ಹೇಳುತ್ತಿಲ್ಲ, ಆ 20 ನಿಮಿಷದ ಕಥೆ ಮಾತ್ರ ಹೇಳುತ್ತಾರೆ. ಮಿಕ್ಕಿದ್ದನ್ನು ನಾನು ಹೇಳುತ್ತೇನೆ. ಒಂದು ಮಾತು ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಈ ಮೂರು ವಾರದಲ್ಲಿ ಮುಕ್ಕಾಲು ಪಾಲು ಹಾಳಾದದ್ದು ಪರದೆ ಮೇಲೆ ಬಂದದ್ದನ್ನು ಓದದೆ ಸುಮ್ನೆ ಮುಂದಕ್ಕೆ ಒತ್ತಿದ್ದರಿಂದ.

ಶುರುವಾದದ್ದು ಹೀಗೆ. ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ನನ್ನ ಪ್ರೊಸೆಸರ್ ಇಂಟೆಲ್‌ನ ಏಳನೇ ತಲೆಮಾರಿನದು, ಅದಕ್ಕೆ ಬೇಕಾದದ್ದು ಎಂಟು ಅಥವಾ ಆಮೇಲಿನದು. ಏಳರಲ್ಲಿ ಕೆಲವೇ ಕೆಲವು ಮಾದರಿಗಳಿಗೆ ವಿನಾಯಿತಿ ಇದೆ, ನನ್ನದು ಅದರಲ್ಲಿಲ್ಲ. ವಿಂಡೋಸ್ 11 ಕೇಳುವ ಭದ್ರತಾ ಚಿಪ್ ಟಿಪಿಎಂ 2.0 ಇದ್ದೂ ಉಪಯೋಗಕ್ಕೆ ಬರಲಿಲ್ಲ. ಆದರೆ ಯಂತ್ರ ಗಟ್ಟಿಮುಟ್ಟಾಗಿದೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ, ಒಂದು ಕೀಲಿಯೂ ಕಿತ್ತುಹೋಗದ ಕೀಬೋರ್ಡ್. ಅದನ್ನು ಮೂಲೆಗೆ ಎಸೆಯಲು ಮನಸ್ಸು ಬರಲಿಲ್ಲ.

ಯಾವ ಡಿಸ್ಟ್ರೋ ಅಂತ ನೋಡುವುದರಲ್ಲೇ ಎರಡು ಸಂಜೆ ಹೋಯಿತು. ಲಿನಕ್ಸ್ ಅಂದರೆ ನಿಜಕ್ಕೂ ಕರ್ನಲ್, ಅಂದರೆ ಯಂತ್ರವನ್ನು ನಡೆಸುವ ಒಳಗಿನ ತಿರುಳು ಮಾತ್ರ, 1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಶುರು ಮಾಡಿದ್ದು. ಅದರ ಸುತ್ತ ಡೆಸ್ಕ್‌ಟಾಪ್, ಆ್ಯಪ್ ಎಲ್ಲ ಜೋಡಿಸಿ ಕೊಟ್ಟರೆ ಅದೇ ಡಿಸ್ಟ್ರೋ. ಉಬುಂಟು, ಫೆಡೋರಾ, ಡೆಬಿಯನ್, ಮಿಂಟ್ ಹೀಗೆ ಹೇಳುತ್ತಾ ಹೋದರೆ ಮುಗಿಯುವುದಿಲ್ಲ. ನಾನು ಆರಿಸಿದ್ದು ಲಿನಕ್ಸ್ ಮಿಂಟ್ 22, ಸಿನಮನ್ ಅನ್ನುವ ಡೆಸ್ಕ್‌ಟಾಪ್ ಇರುವ ಆವೃತ್ತಿ. ಕಾರಣ ದೊಡ್ಡದೇನಲ್ಲ. ಮೆನು ಕೆಳಗೆ ಎಡಗಡೆಯೇ ಇರುತ್ತದೆ, ಅಪ್‌ಡೇಟ್ 2029ರವರೆಗೆ ಬರುತ್ತದೆ. ರ್‍ಯಾಮ್ ಕಮ್ಮಿ ಇದ್ದವರು ಅದರದ್ದೇ ಎಕ್ಸ್‌ಎಫ್‌ಸಿಇ ಆವೃತ್ತಿ ನೋಡಬಹುದು. ಮೊದಲ ಸಲ ಹಾಕುವವರು ಇದರ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ಬೇಕೆನಿಸಿದರೆ ಆಮೇಲೆ ಬದಲಾಯಿಸಬಹುದು.

ಮೊದಲ ವಾರ ಪೂರ್ತಿ ಬ್ಯಾಕಪ್ ಮತ್ತು ಪೆನ್‌ಡ್ರೈವ್‌ಗೆ ಹೋಯಿತು. ಬ್ಯಾಕಪ್ ಅಂದರೆ ಫೋಟೋ, ಡಾಕ್ಯುಮೆಂಟ್ ಅಷ್ಟೇ ಅಂದುಕೊಂಡಿದ್ದೆ. ಡೆಸ್ಕ್‌ಟಾಪ್ ಮೇಲೆ ಹರಡಿಕೊಂಡಿದ್ದ ಫೈಲುಗಳು, ಡೌನ್‌ಲೋಡ್ ಫೋಲ್ಡರ್‌ನಲ್ಲಿ ವರ್ಷಗಟ್ಟಲೆ ಬಿದ್ದಿದ್ದ ರಸೀದಿಗಳು, ಬ್ರೌಸರ್‌ನಲ್ಲಿ ಉಳಿಸಿದ ಪಾಸ್‌ವರ್ಡು, ಬುಕ್‌ಮಾರ್ಕು, ಇವೆಲ್ಲ ಒಂದೊಂದಾಗಿ ನೆನಪಾದವು. ನಿಮಗೂ ಹಾಗೇ ಆಗುತ್ತದೆ. ಅದಕ್ಕೆ ಬ್ಯಾಕಪ್ ಮಾಡಿದ ದಿನವೇ ಇನ್‌ಸ್ಟಾಲ್‌ಗೆ ಕೈಹಾಕಬೇಡಿ. ಎರಡು ದಿನ ಬಿಡಿ, ಮರೆತದ್ದು ತಾನಾಗೇ ನೆನಪಿಗೆ ಬರುತ್ತದೆ.

ಪೆನ್‌ಡ್ರೈವ್ ವಿಷಯದಲ್ಲಿ ಮೊದಲ ಪೆಟ್ಟು ತಿಂದೆ. ಡೌನ್‌ಲೋಡ್ ಆಗುವ ಐಎಸ್‌ಒ ಫೈಲ್, ಅಂದರೆ ಇಡೀ ಮಿಂಟ್ ಅಡಕವಾಗಿರುವ ಒಂದೇ ಫೈಲ್, ಸುಮಾರು 3 ಜಿಬಿ. ಅದನ್ನು ಪೆನ್‌ಡ್ರೈವ್‌ಗೆ ಸುಮ್ನೆ ಕಾಪಿ ಮಾಡಿದರೆ ಆಗುವುದಿಲ್ಲ, ರೂಫಸ್ ಅಥವಾ ಎಚರ್ ಥರದ ಸಾಧನದಿಂದ ಬರೆಯಬೇಕು, ಬರೆದರೆ ಅದರಲ್ಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಇಷ್ಟು ಗೊತ್ತಿತ್ತು. ಡೌನ್‌ಲೋಡ್ ಪುಟದಲ್ಲಿ ಫೈಲ್ ಸರಿಯಾಗಿದೆಯೇ ಪರೀಕ್ಷಿಸಿ ಅಂತಲೂ ಬರೆದಿತ್ತು. ಅದನ್ನು ಬಿಟ್ಟೆ. ಆ ಪೆನ್‌ಡ್ರೈವ್‌ನಿಂದ ಲ್ಯಾಪ್‌ಟಾಪ್ ಶುರು ಮಾಡಿದರೆ, ಅಂದರೆ ಬೂಟ್ ಮಾಡಿದರೆ, ಮಿಂಟ್‌ನ ಗುರುತು ಬಂದು ಅಲ್ಲೇ ನಿಂತಿತು. ಪೆನ್‌ಡ್ರೈವ್ ಬದಲಾಯಿಸಿದೆ, ಯುಎಸ್‌ಬಿ ಜಾಗ ಬದಲಾಯಿಸಿದೆ, ಬಯೋಸ್‌ನಲ್ಲಿ, ಅಂದರೆ ವಿಂಡೋಸ್ ಏಳುವ ಮುಂಚೆ ಸಿಗುವ ಯಂತ್ರದ ಸೆಟ್ಟಿಂಗ್‌ನಲ್ಲಿ, ಏನೇನೋ ತಿರುಚಿದೆ. ಮಾರನೇ ದಿನ ವಿಂಡೋಸ್‌ನಲ್ಲೇ ಇರುವ ಸರ್ಟ್‌ಯುಟಿಲ್ ಅನ್ನುವ ಆಜ್ಞೆ ಬಳಸಿ ಫೈಲಿನ ಶಾ256, ಅಂದರೆ ಅದರ ಬೆರಳಚ್ಚಿನಂಥ ಗುರುತು, ತೆಗೆದು ನೋಡಿದೆ. 64 ಅಕ್ಷರದ ಉದ್ದ ಸಾಲು ಬರುತ್ತದೆ. ಪುಟದಲ್ಲಿ ಕೊಟ್ಟಿದ್ದ ಸಾಲಿಗೂ ಅದಕ್ಕೂ ಮೊದಲ ಅಕ್ಷರದಿಂದಲೇ ತಾಳೆಯಿಲ್ಲ. ಡೌನ್‌ಲೋಡ್ ಎಲ್ಲೋ ಮಧ್ಯದಲ್ಲಿ ಕೆಟ್ಟಿತ್ತು. ಮತ್ತೆ ಇಳಿಸಿಕೊಂಡೆ, ಸಾಲು ತಾಳೆಯಾಯಿತು, ಬೂಟ್ ಆಯಿತು. ಒಂದು ನಿಮಿಷದ ಕೆಲಸ ಬಿಟ್ಟಿದ್ದಕ್ಕೆ ಒಂದು ಸಂಜೆ ದಂಡ.

ಪೆನ್‌ಡ್ರೈವ್‌ನಿಂದ ಬೂಟ್ ಆದಾಗ ಬರುವುದು ಲೈವ್ ಡೆಸ್ಕ್‌ಟಾಪ್. ಡಿಸ್ಕ್ ಮುಟ್ಟದೆ ಎಲ್ಲ ಪ್ರಯತ್ನಿಸಿ ನೋಡಬಹುದು. ಇಲ್ಲಿ ಅರ್ಧ ಗಂಟೆ ಕೂರಲೇಬೇಕು. ಶಬ್ದ ಬರುತ್ತಾ, ಕ್ಯಾಮೆರಾ ಬರುತ್ತಾ, ಟಚ್‌ಪ್ಯಾಡ್‌ನಲ್ಲಿ ಎರಡು ಬೆರಳಿಟ್ಟರೆ ಪುಟ ಸರಿಯುತ್ತಾ, ಮುಚ್ಚಿ ತೆರೆದರೆ ಎಚ್ಚರ ಆಗುತ್ತಾ, ಎಲ್ಲ ನೋಡಿ. ನಾನೂ ನೋಡಿದೆ. ಎಲ್ಲ ಬಂತು, ವೈಫೈ ಗುರುತು ಮಾತ್ರ ಇರಲಿಲ್ಲ. ಇನ್‌ಸ್ಟಾಲ್ ಆದ ಮೇಲೆ ಬರುತ್ತೆ ಬಿಡು ಅಂತ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಸಮಾಧಾನದ ಬೆಲೆ ಮೂರನೇ ವಾರ ಗೊತ್ತಾಯಿತು.

ಎರಡನೇ ವಾರ. ಇನ್‌ಸ್ಟಾಲ್ ಅಂತ ಒತ್ತಿದರೆ, ನಿಮ್ಮ ಯಂತ್ರದಲ್ಲಿ ಇಂಟೆಲ್‌ನ ಆರ್‌ಎಸ್‌ಟಿ ಅನ್ನುವ ಡಿಸ್ಕ್ ವ್ಯವಸ್ಥೆ ಚಾಲೂ ಇದೆ, ಅದನ್ನು ನಿಲ್ಲಿಸಿ ಬನ್ನಿ ಅಂತ ವಾಪಸ್ ಕಳಿಸಿತು. ಬಯೋಸ್‌ನಲ್ಲಿ ಡಿಸ್ಕ್ ಯಾವ ಮೋಡ್‌ನಲ್ಲಿ ಮಾತಾಡಬೇಕು ಅನ್ನುವ ಒಂದು ಆಯ್ಕೆ ಇರುತ್ತದೆ. ಆರ್‌ಎಸ್‌ಟಿ ಅಥವಾ ರೇಡ್ ಅಂತ ಇದ್ದರೆ ಎಎಚ್‌ಸಿಐಗೆ ಬದಲಾಯಿಸಬೇಕು, ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಡಿಸ್ಕ್ ಕಾಣುವುದಿಲ್ಲ. ಸರಿ, ಬದಲಾಯಿಸಿ ಸೇವ್ ಮಾಡಿದೆ. ಲ್ಯಾಪ್‌ಟಾಪ್ ಮತ್ತೆ ಶುರುವಾಯಿತು. ನೀಲಿ ಪರದೆ. ಬಿಟ್‌ಲಾಕರ್ ರಿಕವರಿ ಕೀ ಕೊಡಿ ಅಂತ ಕೇಳುತ್ತಿದೆ. ಬಿಟ್‌ಲಾಕರ್ ಅಂದರೆ ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ. ನಾನು ಯಾವತ್ತೂ ಬಿಟ್‌ಲಾಕರ್ ಹಾಕಿದವನೇ ಅಲ್ಲ! ಅದು ಕೊಂಡಾಗಿನಿಂದಲೂ ಚಾಲೂ ಇತ್ತಂತೆ, ನನಗೆ ಗೊತ್ತಿರಲಿಲ್ಲ ಅಷ್ಟೇ. ಬಯೋಸ್‌ನಲ್ಲಿ ಏನಾದರೂ ಬದಲಾದರೆ ಯಾರೋ ಡಿಸ್ಕ್‌ಗೆ ಕೈಹಾಕಿದ್ದಾರೆ ಅಂದುಕೊಂಡು ಅದು ಬಾಗಿಲು ಹಾಕಿಕೊಳ್ಳುತ್ತದೆ. ತಪ್ಪು ಅದರದ್ದಲ್ಲ.

ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ. ಯಾವ ಖಾತೆ? ಲ್ಯಾಪ್‌ಟಾಪ್ ಕೊಂಡ ದಿನ ಆತುರದಲ್ಲಿ ಮಾಡಿದ ಒಂದು ಹಳೇ ಇಮೇಲ್. ಅದರ ಪಾಸ್‌ವರ್ಡ್ ಮರೆತಿತ್ತು. ಅದನ್ನು ವಾಪಸ್ ಪಡೆಯಲು ಒಂದು ಗಂಟೆ. ಅಂತೂ ಫೋನ್‌ನಲ್ಲಿ ಕೀ ಕಾಣಿಸಿತು: 48 ಅಂಕಿ, ಆರಾರರ ಎಂಟು ಗುಂಪು. ರಾತ್ರಿ ಹನ್ನೊಂದೂವರೆಗೆ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಒತ್ತುತ್ತಾ ಕೂತೆ. ಒಂದು ಗುಂಪಿನಲ್ಲಿ ಅಂಕಿ ತಪ್ಪಿದರೆ ಅಲ್ಲೇ ತಡೆದು ಹೇಳುತ್ತದೆ, ಪೂರ್ತಿ ಮುಗಿಸಿ ಮೊದಲಿನಿಂದ ಶುರು ಮಾಡಬೇಕಿಲ್ಲ. ಒಳ್ಳೆಯ ಏರ್ಪಾಡು. ಎಂಟೂ ಗುಂಪು ಒತ್ತಿದೆ. ಬಾಗಿಲು ತೆರೆಯಿತು, ವಿಂಡೋಸ್ ಮಾತ್ರ ಏಳಲಿಲ್ಲ. ಮೋಡ್ ಬದಲಾಗಿದ್ದರಿಂದ ಅದಕ್ಕೂ ಈಗ ತನ್ನ ಡಿಸ್ಕ್ ಕಾಣುತ್ತಿಲ್ಲ. ಬಯೋಸ್‌ಗೆ ಹೋಗಿ ಹಳೇ ಮೋಡ್‌ಗೇ ವಾಪಸ್ ಹಾಕಿದ ಮೇಲೆ ಡೆಸ್ಕ್‌ಟಾಪ್ ಬಂತು. ಹೋದ ಜೀವ ಬಂದಂತಾಯಿತು.

ನಿಮ್ಮದೂ ಇಂಥದ್ದೇ ಯಂತ್ರವಾದರೆ ಸರಿಯಾದ ಕ್ರಮ ಇದು, ಬರೆದಿಟ್ಟುಕೊಳ್ಳಿ. ಮೊದಲು ರಿಕವರಿ ಕೀ ಹುಡುಕಿ ಕಾಗದದ ಮೇಲೆ ಬರೆದುಕೊಳ್ಳಿ. ಆಮೇಲೆ ವಿಂಡೋಸ್‌ನಲ್ಲಿ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಷನ್ ಆಫ್ ಮಾಡಿ. ಅದು ಇಡೀ ಡಿಸ್ಕ್‌ನ ಬೀಗ ಬಿಚ್ಚುತ್ತಾ ಹೋಗುತ್ತದೆ, ನನಗೆ ಎರಡು ಗಂಟೆಯ ಮೇಲೆ ಹಿಡಿಯಿತು, ಚಾರ್ಜರ್ ಹಾಕಿಯೇ ಇರಲಿ. ಅದು ಪೂರ್ತಿ ಮುಗಿದ ಮೇಲೆ ಎಂಎಸ್‌ಕಾನ್ಫಿಗ್ ಅನ್ನುವ ವಿಂಡೋಸ್ ಸಾಧನ ತೆರೆದು ಬೂಟ್ ವಿಭಾಗದಲ್ಲಿ ಸೇಫ್ ಬೂಟ್ ಗುರುತು ಹಾಕಿ. ಆಮೇಲೆ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ, ಅಂದರೆ ತೀರಾ ಬೇಕಾದಷ್ಟನ್ನೇ ಹೊತ್ತು, ಏಳುತ್ತದೆ, ಹೊಸ ಮೋಡ್‌ಗೆ ಹೊಂದಿಕೊಳ್ಳುತ್ತದೆ, ಆಗ ಸೇಫ್ ಬೂಟ್ ಗುರುತು ತೆಗೆಯಿರಿ. ದಿನಾ ಪಿನ್ ಒತ್ತಿ ಒಳಗೆ ಹೋಗುವವರು ಖಾತೆಯ ಪಾಸ್‌ವರ್ಡ್ ಕೂಡ ನೆನಪಿಟ್ಟುಕೊಳ್ಳಿ, ಸೇಫ್ ಮೋಡ್‌ನಲ್ಲಿ ಕೇಳಬಹುದು. ವಿಂಡೋಸ್ ಉಳಿಸಿಕೊಳ್ಳುವುದೇ ಇಲ್ಲ ಅನ್ನುವವರಿಗೆ ಈ ರಗಳೆ ಯಾವುದೂ ಇಲ್ಲ. ಬ್ಯಾಕಪ್ ಮಾಡಿ, ಮೋಡ್ ಬದಲಾಯಿಸಿ, ಅಳಿಸಿ ಹಾಕಿ. ನನಗೆ ಒಂದೇ ಒಂದು ಸಾಫ್ಟ್‌ವೇರ್‌ಗೋಸ್ಕರ ವಿಂಡೋಸ್ ಬೇಕಿತ್ತು, ಅದಕ್ಕೇ ಎರಡನ್ನೂ ಇಟ್ಟುಕೊಂಡೆ.

ಜಾಗವನ್ನು ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲೇ ಕುಗ್ಗಿಸಿ 80 ಜಿಬಿ ಖಾಲಿ ಮಾಡಿಕೊಂಡೆ. ಮಿಂಟ್‌ಗೆ 20 ಜಿಬಿ ಸಾಕು ಅಂತಾರೆ, 100 ಇದ್ದರೆ ಒಳ್ಳೆಯದು ಅಂತಲೂ ಅಂತಾರೆ. ಇನ್‌ಸ್ಟಾಲರ್ ಕೇಳುವ ಪ್ರಶ್ನೆಗಳಲ್ಲಿ ಭಯ ಪಡಬೇಕಾದದ್ದು ಒಂದೇ: ಪಕ್ಕದಲ್ಲಿ ಹಾಕಲೇ, ಇಡೀ ಡಿಸ್ಕ್ ಅಳಿಸಲೇ? ಎರಡೂ ಸಾಲು ಒಂದರ ಕೆಳಗೊಂದು ಇರುತ್ತವೆ. ಮೂರು ಸಲ ಓದಿದೆ, ಬೆರಳಿಟ್ಟು ಓದಿದೆ.

ಅಷ್ಟು ಹುಷಾರಾಗಿದ್ದವನು ಅದರ ಹಿಂದಿನ ಪುಟದಲ್ಲಿ ಎಡವಿದ್ದೆ. ಹಾಡು, ವೀಡಿಯೋ ಓಡಿಸಲು ಬೇಕಾದ ಮಲ್ಟಿಮೀಡಿಯಾ ಕೊಡೆಕ್ ಬೇಕೇ ಅಂತ ಕೇಳಿತ್ತು, ಬೇಕು ಅಂದೆ. ನಂಬಿಕೆಯ ಸಾಫ್ಟ್‌ವೇರ್ ಮಾತ್ರ ಏಳಲು ಬಿಡುವ ಸೆಕ್ಯೂರ್ ಬೂಟ್ ಇರುವುದರಿಂದ ಒಂದು ಪಾಸ್‌ವರ್ಡ್ ಕೊಡಿ ಅಂತು, ಏನೋ ಒಂದು ಕೊಟ್ಟೆ. ಯಾಕೆ ಅಂತ ಅಲ್ಲೇ ವಿವರ ಇತ್ತು, ಓದಲಿಲ್ಲ. 20 ನಿಮಿಷದಲ್ಲಿ ಎಲ್ಲ ಮುಗಿದು ರೀಸ್ಟಾರ್ಟ್ ಒತ್ತಿ ನೀರು ಕುಡಿಯಲು ಎದ್ದುಹೋದೆ. ವಾಪಸ್ ಬರುವಷ್ಟರಲ್ಲಿ ನೀಲಿ ಪರದೆಯಲ್ಲಿ ಒಂದು ಅಂಕಿ ಇಳಿಯುತ್ತಿತ್ತು. ಮೂರು, ಎರಡು, ಒಂದು. ಮಾಯ. ಮಿಂಟ್‌ನ ಡೆಸ್ಕ್‌ಟಾಪ್ ಬಂತು, ಖುಷಿಯಲ್ಲಿ ಅದನ್ನು ಮರೆತೇಬಿಟ್ಟೆ.

ವೈಫೈ ಬರಲಿಲ್ಲ. ಅಲ್ಲಿಂದ ಎಂಟು ದಿನ ಫೋನ್ ಅನ್ನು ಕೇಬಲ್‌ನಿಂದ ಲ್ಯಾಪ್‌ಟಾಪ್‌ಗೆ ಕಟ್ಟಿಹಾಕಿದ್ದೆ. ಈ ಉಪಾಯ ಮಾತ್ರ ಎಲ್ಲರಿಗೂ ಗೊತ್ತಿರಲಿ: ಫೋನ್‌ನಲ್ಲಿ ಯುಎಸ್‌ಬಿ ಟೆದರಿಂಗ್ ಹಾಕಿದರೆ ಬೇರೆ ಯಾವ ಡ್ರೈವರ್ರೂ, ಅಂದರೆ ಚಿಪ್ ನಡೆಸುವ ಸಾಫ್ಟ್‌ವೇರ್, ಹಾಕದೆ ಇಂಟರ್‌ನೆಟ್ ಬರುತ್ತದೆ. ಡ್ರೈವರ್ ಮ್ಯಾನೇಜರ್ ತೆರೆದರೆ ನನ್ನ ವೈಫೈ ಚಿಪ್‌ಗೆ ಒಂದು ಡ್ರೈವರ್ ತೋರಿಸಿತು. ಹಾಕಿದೆ. ರೀಸ್ಟಾರ್ಟ್ ಮಾಡಿದೆ. ಇಲ್ಲ. ಮತ್ತೆ ಹಾಕಿದೆ. ಇಲ್ಲ. ಫೋನ್ ಡೇಟಾ ಮಾತ್ರ ಕರಗುತ್ತಿತ್ತು. ಅದೇ ಹೊತ್ತಿಗೆ ನಾನು ಫ್ಲಾಟ್‌ಪ್ಯಾಕ್ ಅನ್ನುವ ರೀತಿಯಲ್ಲಿ ಹಂಚುವ ಒಂದು ಚಿಕ್ಕ ಆ್ಯಪ್ ಹಾಕಲು ಹೋಗಿ ಅದರ ಜೊತೆಗೆ ನೂರಾರು ಎಂಬಿ ಇಳಿದದ್ದು ಬೇರೆ. ಮೊದಲ ಫ್ಲಾಟ್‌ಪ್ಯಾಕ್ ಆ್ಯಪ್ ತನಗೆ ಬೇಕಾದ ಸಾಮಾನನ್ನೆಲ್ಲ ಹೊತ್ತು ತರುತ್ತದೆ, ಆಮೇಲಿನವು ಅದರಲ್ಲೇ ಹಂಚಿಕೊಳ್ಳುತ್ತವೆ. ಡೇಟಾ ಕಮ್ಮಿ ಇದ್ದಾಗ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಅದೇ ಆ್ಯಪ್‌ನ ಸಿಸ್ಟಮ್ ಪ್ಯಾಕೇಜ್ ಇದೆಯಾ ಅಂತ ಮೊದಲು ನೋಡಿ.

ಐದನೇ ದಿನ ತಾಳ್ಮೆ ಕೆಟ್ಟಿತು. ನೆಟ್‌ವರ್ಕ್ ಮ್ಯಾನೇಜರ್ ತೆಗೆದು ಮತ್ತೆ ಹಾಕಿದರೆ ಸರಿಹೋಗುತ್ತೆ ಅಂತ ಎಲ್ಲೋ ಓದಿದ್ದೆ. ಆಜ್ಞೆ ಟೈಪ್ ಮಾಡುವ ಕಿಟಕಿ, ಅಂದರೆ ಟರ್ಮಿನಲ್, ತೆರೆದು ತೆಗೆಯುವ ಆಜ್ಞೆ ಕೊಟ್ಟೆ. ಇವೆಲ್ಲವೂ ಹೋಗುತ್ತವೆ, ಒಪ್ಪಿಗೆಯಾ ಅಂತ ಒಂದು ಉದ್ದನೆಯ ಪಟ್ಟಿ ಕೊಟ್ಟಿತು. ಹೌದು ಅನ್ನಲು ವೈ ಅಕ್ಷರ ಒತ್ತಿದೆ. ಆ ಪಟ್ಟಿಯಲ್ಲಿ ಡೆಸ್ಕ್‌ಟಾಪ್‌ನ ಅರ್ಧಕ್ಕರ್ಧವೂ ಇತ್ತು. ಅದೂ ಹೋಗಲಿ, ನೆಟ್‌ವರ್ಕ್ ಕೊಡುವುದನ್ನೇ ಕಿತ್ತುಹಾಕಿದ ಮೇಲೆ ಅದನ್ನು ಮತ್ತೆ ಇಳಿಸಿಕೊಳ್ಳುವುದು ಯಾವ ನೆಟ್‌ವರ್ಕ್‌ನಲ್ಲಿ? ಕೂತ ಕೊಂಬೆಯನ್ನೇ ಕಡಿದವನ ಕಥೆ. ರೀಸ್ಟಾರ್ಟ್ ಮಾಡಿದರೆ ಕಪ್ಪು ಪರದೆ, ಮೂಲೆಯಲ್ಲಿ ಲಾಗಿನ್ ಅಂತ ಒಂದು ಸಾಲು.

ಇಲ್ಲಿ ಉಳಿಸಿದ್ದು ಟೈಮ್‌ಶಿಫ್ಟ್. ಮಿಂಟ್ ಹಾಕಿದ ಮೊದಲ ದಿನ ಸ್ವಾಗತದ ಕಿಟಕಿಯಲ್ಲಿ ಇದನ್ನು ಹೊಂದಿಸಿಕೊಳ್ಳಿ ಅಂತ ಹೇಳುತ್ತದೆ, ಅದೇನೋ ಪುಣ್ಯಕ್ಕೆ ಅದೊಂದನ್ನು ಓದಿ ಹೊಂದಿಸಿದ್ದೆ. ಇದು ಸಿಸ್ಟಮ್ ಇದ್ದ ಹಾಗೇ ಒಂದು ಪ್ರತಿ ತೆಗೆದಿಡುತ್ತದೆ. ಆ ಕಪ್ಪು ಪರದೆಯಲ್ಲೇ ಲಾಗಿನ್ ಆಗಿ ಟೈಮ್‌ಶಿಫ್ಟ್‌ನ ರಿಸ್ಟೋರ್ ಆಜ್ಞೆ ಕೊಟ್ಟೆ. ತಾರೀಖಿನ ಸಮೇತ ಪಟ್ಟಿ ಬಂತು, ಹಿಂದಿನ ದಿನದ್ದರ ಸಂಖ್ಯೆ ಒತ್ತಿದೆ. ಹತ್ತು ನಿಮಿಷದಲ್ಲಿ ಎಲ್ಲ ಯಥಾಸ್ಥಿತಿ. ಕಪ್ಪು ಪರದೆಯೂ ಬರದಿದ್ದರೆ ಇನ್‌ಸ್ಟಾಲ್ ಮಾಡಿದ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಯೂ ಇದನ್ನು ಮಾಡಬಹುದು, ಅದಕ್ಕೇ ಆ ಪೆನ್‌ಡ್ರೈವ್ ಅಳಿಸಬೇಡಿ. ಒಂದು ಎಚ್ಚರ: ಟೈಮ್‌ಶಿಫ್ಟ್ ಸಿಸ್ಟಮ್ ಫೈಲುಗಳಿಗೆ ಮಾತ್ರ. ನಿಮ್ಮ ಫೋಟೋ, ಡಾಕ್ಯುಮೆಂಟ್ ಇರುವ ಹೋಮ್ ಫೋಲ್ಡರ್ ಅದರಲ್ಲಿ ಸೇರಿರುವುದಿಲ್ಲ, ಅದಕ್ಕೆ ಬೇರೆ ಬ್ಯಾಕಪ್ ಬೇಕೇ ಬೇಕು.

ಆಮೇಲೆ ಬುದ್ಧಿ ಬಂತು. ಕಂಡಕಂಡ ಆಜ್ಞೆ ಅಂಟಿಸುವುದು ಬಿಟ್ಟು ಡ್ರೈವರ್ ಅನ್ನು ಕೈಯಾರೆ ಎಬ್ಬಿಸಲು ನೋಡಿದೆ. ಒಂದೇ ಸಾಲಿನ ಉತ್ತರ ಬಂತು, ಕೀಲಿ ತಿರಸ್ಕೃತ ಅನ್ನುವ ಅರ್ಥದ್ದು. ಕೀಲಿ? ಆಗ ಆ ನೀಲಿ ಪರದೆ, ಇಳಿಯುತ್ತಿದ್ದ ಅಂಕಿ, ಯಾಕೆಂದು ಕೇಳದೆ ಕೊಟ್ಟಿದ್ದ ಪಾಸ್‌ವರ್ಡು ಎಲ್ಲ ಒಟ್ಟಿಗೆ ನೆನಪಾದವು. ಸೆಕ್ಯೂರ್ ಬೂಟ್ ಇರುವ ಯಂತ್ರದಲ್ಲಿ ಹೊರಗಿನ ಡ್ರೈವರ್‌ಗೆ ಮಿಂಟ್ ತನ್ನದೇ ಕೀಲಿಯಿಂದ ಸಹಿ ಹಾಕುತ್ತದೆ. ಆ ಕೀಲಿಯನ್ನು ನಂಬು ಅಂತ ಯಂತ್ರಕ್ಕೆ ಹೇಳಬೇಕಾದವರು ನಾವು. ಹೇಳಲು ಸಿಗುವ ಸಮಯ 10 ಸೆಕೆಂಡು, ಆ ನೀಲಿ ಪರದೆಯಲ್ಲಿ. ಅಷ್ಟರಲ್ಲಿ ಕೀಬೋರ್ಡ್‌ನ ಯಾವುದಾದರೂ ಗುಂಡಿ ಒತ್ತಿ, ಎನ್‌ರೋಲ್ ಮೋಕ್ (ಕೀಲಿ ಸೇರಿಸು ಅಂತ ಅರ್ಥ) ಆರಿಸಿ, ಮುಂದುವರಿಸಿ, ಹೌದು ಅಂದು, ಅದೇ ಪಾಸ್‌ವರ್ಡ್ ಕೊಟ್ಟು ರೀಬೂಟ್ ಮಾಡಬೇಕು. ತಪ್ಪಿಸಿಕೊಂಡವರು ಮೋಕ್‌ಯುಟಿಲ್ ಅನ್ನುವ ಆಜ್ಞೆಯ ಇಂಪೋರ್ಟ್ ಆಯ್ಕೆ ಬಳಸಿ ಇನ್ನೊಮ್ಮೆ ಕೇಳಿಕೊಳ್ಳಬಹುದು, ಮುಂದಿನ ಬೂಟ್‌ನಲ್ಲಿ ಆ ಪರದೆ ಮತ್ತೆ ಬರುತ್ತದೆ. ಭಾನುವಾರ ರಾತ್ರಿ ಹಾಗೆ ಮಾಡಿದೆ. ಈ ಸಲ ಕುರ್ಚಿಯಿಂದ ಏಳಲಿಲ್ಲ. ಡೆಸ್ಕ್‌ಟಾಪ್ ಬಂದ ಮೂರೇ ಸೆಕೆಂಡಿಗೆ ಮೂಲೆಯಲ್ಲಿ ವೈಫೈ ಗುರುತು.

ಇದರ ಮಧ್ಯೆ ತಂಗಿಯ ತಕರಾರು. ಲ್ಯಾಪ್‌ಟಾಪ್ ಅವಳೂ ಬಳಸುತ್ತಾಳೆ.

"ಅಣ್ಣಾ, ಡಿ ಡ್ರೈವ್ ಎಲ್ಲೋ?"

ಇಲ್ಲಿ ಸಿ, ಡಿ ಅಂತ ಇರುವುದಿಲ್ಲ ಕಣೇ, ಎಡಗಡೆ ಅದರ ಹೆಸರು ಕಾಣುತ್ತಲ್ಲ ಅದನ್ನು ಒತ್ತು ಅಂದೆ. ಒತ್ತಿದಳು, ಫೈಲ್ ತೆರೆಯಿತು, ತಿದ್ದಿದಳು, ಸೇವ್ ಆಗಲಿಲ್ಲ. ಬರೀ ಓದಲು ಮಾತ್ರ ಅಂತಿದೆ. ಇದಕ್ಕೆ ಕಾರಣ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್. ಶಟ್‌ಡೌನ್ ಒತ್ತಿದರೂ ಅದು ಪೂರ್ತಿ ಆರುವುದಿಲ್ಲ, ಅರೆನಿದ್ದೆಯಲ್ಲಿರುತ್ತದೆ, ಆ ಸ್ಥಿತಿಯಲ್ಲಿ ಡಿಸ್ಕ್‌ನಲ್ಲಿ ಅದರ ಪಾಲಿಗಿರುವ ಪಾರ್ಟಿಷನ್‌ಗೆ ಬರೆದರೆ ಕೆಡಬಹುದು ಅಂತ ಲಿನಕ್ಸ್ ಕೈಕಟ್ಟಿ ಕೂರುತ್ತದೆ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಆ ಗುರುತು ತೆಗೆದ ಮೇಲೆ ಸರಿಹೋಯಿತು. ಎರಡನ್ನೂ ಇಟ್ಟುಕೊಳ್ಳುವವರು ಇದನ್ನು ಮೊದಲೇ ಮಾಡಿ.

ಅವಳದ್ದೇ ಇನ್ನೊಂದು. ಪೆನ್‌ಡ್ರೈವ್‌ಗೆ ದೊಡ್ಡ ವೀಡಿಯೋ ಕಾಪಿ ಮಾಡಿದಳು, ಮುಗಿಯಿತು ಅಂತ ತೋರಿಸಿತು, ಎಳೆದುಕೊಂಡು ಹೋದಳು. ಬೇರೆ ಕಂಪ್ಯೂಟರ್‌ನಲ್ಲಿ ವೀಡಿಯೋ ತೆರೆಯಲೇ ಇಲ್ಲ. ಲಿನಕ್ಸ್ ಫೈಲನ್ನು ಮೊದಲು ಮೆಮೊರಿಗೆ ಎತ್ತಿಕೊಂಡು, ಪೆನ್‌ಡ್ರೈವ್‌ಗೆ ನಿಧಾನವಾಗಿ ಬರೆಯುತ್ತಿರುತ್ತದೆ. ಪಟ್ಟಿ ತುಂಬಿದ್ದು ನೋಡಿ ನಂಬಬೇಡಿ. ಇಜೆಕ್ಟ್ ಒತ್ತಿ, ಈಗ ತೆಗೆಯಬಹುದು ಅಂತ ಬರುವವರೆಗೆ ಕಾಯಿರಿ. ಕೆಲವು ಸಲ ಅದೇ ಎರಡು ನಿಮಿಷ ಆಗುತ್ತದೆ.

ಕನ್ನಡ ಟೈಪಿಂಗ್ ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ಕೀಬೋರ್ಡ್ ಸೆಟ್ಟಿಂಗ್‌ನ ಲೇಔಟ್ ಪಟ್ಟಿಗೆ ಕನ್ನಡ ಕಗಪ ಸೇರಿಸಿದೆ, ಅಷ್ಟೇ, ಬೇರೆ ಏನೂ ಇಳಿಸಬೇಕಾಗಲಿಲ್ಲ. ಫಾಂಟ್‌ಗೆ ನೋಟೊ ಸಾನ್ಸ್ ಕನ್ನಡ ಚೆನ್ನಾಗಿದೆ, ಗುಬ್ಬಿ, ನವಿಲು ಕೂಡ ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ಸಿಗುತ್ತವೆ. ತೊಂದರೆ ಕೊಟ್ಟದ್ದು ಯೂನಿಕೋಡ್‌ಗೆ ಮುಂಚಿನ ಫಾಂಟ್‌ಗಳಲ್ಲಿ ಬರೆದ ಹಳೇ ಫೈಲುಗಳು. ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಅವನ್ನು ವಿಂಡೋಸ್ ಇರುವಾಗಲೇ ಯೂನಿಕೋಡ್‌ಗೆ ಬದಲಾಯಿಸಿಟ್ಟುಕೊಳ್ಳುವುದು ಒಳ್ಳೆಯದು.

ವರ್ಡ್ ಫೈಲುಗಳು ಲಿಬ್ರೆ ಆಫೀಸ್‌ನಲ್ಲಿ ತೆರೆಯುತ್ತವೆ, ಆದರೆ ನನ್ನ ಒಂದು ಪುಟದ ಅರ್ಜಿ ಒಂದೂಕಾಲು ಪುಟಕ್ಕೆ ಹೋಗಿ ಕೂತಿತು. ಕಾರಣ ಫಾಂಟ್. ಕ್ಯಾಲಿಬ್ರಿ ಬದಲಿಗೆ ಕಾರ್ಲಿಟೊ, ಕೇಂಬ್ರಿಯಾ ಬದಲಿಗೆ ಕ್ಯಾಲಡಿಯಾ ಹಾಕಿಕೊಂಡರೆ ಅಕ್ಷರದ ಅಗಲ ಅಷ್ಟೇ ಇರುವುದರಿಂದ ಸಾಲುಗಳು ಜಾಗ ಬಿಟ್ಟು ಕದಲುವುದಿಲ್ಲ. ಯಾರಿಗಾದರೂ ಬರೀ ಓದಲು ಕಳಿಸುವುದಾದರೆ ಪಿಡಿಎಫ್ ಮಾಡಿಯೇ ಕಳಿಸಿ.

ಪ್ರಿಂಟರ್‌ಗೆ ಹೆದರಿದ್ದೆ. ಕೇಬಲ್ ಚುಚ್ಚಿದೆ, ಬಂತು.

ಇನ್ನು ಕೆಲವು ಚಿಲ್ಲರೆ ವಿಷಯ, ಅಲ್ಲಲ್ಲಿ ಕೈ ತಡವರಿಸಿದ್ದರಿಂದ ಹೇಳುತ್ತಿದ್ದೇನೆ. ಟರ್ಮಿನಲ್‌ನಲ್ಲಿ ಕಂಟ್ರೋಲ್ ಸಿ ಒತ್ತಿದರೆ ಕಾಪಿ ಆಗುವುದಿಲ್ಲ, ನಡೆಯುತ್ತಿರುವ ಕೆಲಸ ನಿಂತುಹೋಗುತ್ತದೆ. ಜೊತೆಗೆ ಶಿಫ್ಟ್ ಕೂಡ ಒತ್ತಬೇಕು. ಫೈಲ್ ಹೆಸರಿನಲ್ಲಿ ಇಂಗ್ಲಿಷ್‌ನ ದೊಡ್ಡಕ್ಷರ, ಚಿಕ್ಕಕ್ಷರ ಬೇರೆ ಬೇರೆ ಅಂತ ಲೆಕ್ಕ. ಡೆಸ್ಕ್‌ಟಾಪ್ ಹೆಪ್ಪುಗಟ್ಟಿದರೆ ಪವರ್ ಬಟನ್ ಒತ್ತಿ ಹಿಡಿಯುವ ಮುಂಚೆ ಕಂಟ್ರೋಲ್, ಆಲ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ನೋಡಿ. ಸಿನಮನ್ ಮಾತ್ರ ಹೊಸದಾಗಿ ಶುರುವಾಗುತ್ತದೆ, ತೆರೆದಿದ್ದ ಕಿಟಕಿಗಳು ಹಾಗೇ ಇರುತ್ತವೆ. ಎರಡು ಸಲ ನನ್ನ ಕೆಲಸ ಉಳಿಸಿದೆ.

ಖರ್ಚು ಅಂತ ನೋಡಿದರೆ ಪೆನ್‌ಡ್ರೈವ್ ಮನೆಯಲ್ಲಿತ್ತು, ಬ್ಯಾಕಪ್‌ಗೆ ಹೊರಗಿನ ಹಾರ್ಡ್ ಡಿಸ್ಕ್ ಸ್ನೇಹಿತನದ್ದು, ಹೋದದ್ದು ಫೋನ್ ಡೇಟಾ ಮತ್ತು ನಾಲ್ಕಾರು ರಾತ್ರಿಯ ನಿದ್ದೆ. ಇನ್ನೂ ಆಗದೆ ಉಳಿದದ್ದು ಒಂದೇ, ಬೆರಳಚ್ಚಿನ ರೀಡರ್. ನನ್ನ ಮಾದರಿ, ಲಿನಕ್ಸ್‌ನಲ್ಲಿ ಬೆರಳಚ್ಚು ಓದಿಸುವ ಸಾಫ್ಟ್‌ವೇರ್ ಲಿಬ್‌ಎಫ್‌ಪ್ರಿಂಟ್‌ನ ಬೆಂಬಲ ಇರುವ ಪಟ್ಟಿಯಲ್ಲೇ ಇಲ್ಲ, ಇದನ್ನೂ ಇನ್‌ಸ್ಟಾಲ್‌ಗೆ ಮುಂಚೆ ನೋಡಬಹುದಿತ್ತು. ತಂಗಿ ಈಗಲೂ ಅಭ್ಯಾಸಬಲದಿಂದ ಮೊದಲು ಅದರ ಮೇಲೆ ಬೆರಳಿಡುತ್ತಾಳೆ, ಆಮೇಲೆ ನನ್ನ ಕಡೆ ಒಂದು ಸಲ ನೋಡುತ್ತಾಳೆ, ಆಮೇಲೆ ಪಾಸ್‌ವರ್ಡ್ ಒತ್ತುತ್ತಾಳೆ.